ಆಟೊಮೊಕ್ಸೆಟಿನ್ ಕ್ಯಾಪ್ಸೂಲ್: ಮೂರನೇ ವಾರಕ್ಕೆ ಬಿಟ್ಟರೆ ಗುಣ ಗೊತ್ತಾಗದ ಔಷಧಿ

ಗಮನ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ, ಇದೆ ಎಂದು ಗೊತ್ತಾದ ಮಕ್ಕಳಿಗೆ ಡಾಕ್ಟರು ಬರೆಯುವ ಔಷಧಿಗಳಲ್ಲಿ ಆಟೊಮೊಕ್ಸೆಟಿನ್ ಒಂದು. ನಮ್ಮಲ್ಲಿ 10, 18, 25, 40 ಮತ್ತು 60 ಮಿಲಿಗ್ರಾಂ ಕ್ಯಾಪ್ಸೂಲ್‌ಗಳಲ್ಲಿ ಸಿಗುತ್ತದೆ, ಹಲವು ಕಂಪನಿಗಳು ಮಾಡುತ್ತವೆ. ಇಲ್ಲಿ ಬರೆದದ್ದು ಒಂದು ಕಂಪನಿಯ ಡಬ್ಬಿಯ ಬಗ್ಗೆ ಅಲ್ಲ, ಒಳಗಿರುವ ಔಷಧಿಯ ಬಗ್ಗೆ. ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಇದನ್ನು ಬಳಸುವವರಿಗೆ ಏನು ಗೊತ್ತಿರಬೇಕೋ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ.

ತೀರ್ಮಾನ ಮೊದಲೇ ಹೇಳುತ್ತೇವೆ. ಔಷಧಿ ಒಳ್ಳೆಯದು, ಆದರೆ ನಿಧಾನ. ಇದರ ಮೇಲೆ ಬರುವ ದೂರುಗಳಲ್ಲಿ ದೊಡ್ಡದು "ಏನೂ ಫರಕು ಕಾಣಲಿಲ್ಲ" ಎನ್ನುವುದು. ವಿಚಾರಿಸಿ ನೋಡಿದರೆ ಎರಡರಲ್ಲೊಂದು ಕಾರಣ ಸಿಗುತ್ತದೆ: ಮಗುವಿನ ತೂಕಕ್ಕೆ ಸಾಲದ ಡೋಸು, ಇಲ್ಲವೇ ಎರಡು ಮೂರು ವಾರಕ್ಕೇ ನಿಲ್ಲಿಸಿದ್ದು. ಈ ಎರಡೂ ಸರಿಯಾದ ಮೇಲೆ ಕೆಲಸ ಮಾಡದಿದ್ದರೆ ಮಾತ್ರ ಔಷಧಿಯನ್ನು ದೂರಬೇಕು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಮಿದುಳಿನ ಕೆಲಸ ನೋಡಿದರೆ ತಿಳಿಯುತ್ತದೆ. ಮಿದುಳ ಕಾಂಡದ ನಡುಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ, ಕಡ್ಡಿಯಷ್ಟು ಸಪೂರದ ಜೀವಕೋಶಗಳ ಗುಂಪಿದೆ. ಬಣ್ಣ ನೀಲಿಛಾಯೆಯದು. ಅದಕ್ಕೇ 1812ರಲ್ಲಿ ವೆಂಜೆಲ್ ಸಹೋದರರು ಲ್ಯಾಟಿನ್‌ನಲ್ಲಿ ಲೋಕಸ್ ಸೆರುಲಿಯಸ್, ಅಂದರೆ ನೀಲಿ ಜಾಗ, ಎಂದು ಹೆಸರಿಟ್ಟರು. ಮಿದುಳಿನಲ್ಲಿರುವ 8,600 ಕೋಟಿ ನರಕೋಶಗಳಲ್ಲಿ ಇಲ್ಲಿರುವುದು ಎರಡೂ ಬದಿ ಸೇರಿ 50,000ದ ಆಸುಪಾಸು. ಆದರೂ ನರಗಳ ನಡುವೆ ಸಂದೇಶ ಒಯ್ಯುವ, ಮಿದುಳಿಗೆ ಬೇಕಾದ ನಾರ್‌ಅಡ್ರೆನಲಿನ್‌ನ ಬಹುಪಾಲು ಇಲ್ಲಿಂದಲೇ ಹೋಗುತ್ತದೆ. ಇದರ ಎಳೆಗಳು ಹಣೆಯ ಹಿಂದಿನ ಭಾಗದಿಂದ ಬೆನ್ನುಹುರಿಯವರೆಗೆ ಹರಡಿವೆ. ಎಚ್ಚರ, ಗಮನ, "ಈಗ ಇದನ್ನು ಬಿಟ್ಟು ಅದನ್ನು ನೋಡು" ಎಂಬ ತಿರುವು, ಹೆದರಿಕೆಯ ನೆನಪು ಗಟ್ಟಿಯಾಗುವುದು, ಇವುಗಳಲ್ಲೆಲ್ಲ ಅದರ ಪಾಲಿದೆ. ಗಾಢ ನಿದ್ದೆಯಲ್ಲಿ ಈ ಕೋಶಗಳು ಮೆತ್ತಗಾಗುತ್ತವೆ, ಕನಸು ಬೀಳುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಸುಮ್ಮನಾಗುತ್ತವೆ.

ಔಷಧಿ ಕೈಹಾಕುವುದು ಒಂದೇ ಒಂದು ಕಡೆ. ನರದ ತುದಿಯಿಂದ ಹೊರಬಿದ್ದ ನಾರ್‌ಅಡ್ರೆನಲಿನ್ ಅಲ್ಲೇ ಉಳಿಯುವುದಿಲ್ಲ; ಅದೇ ತುದಿ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟವರು ಜೂಲಿಯಸ್ ಆಕ್ಸೆಲ್‌ರಾಡ್. ನಾರ್‌ಅಡ್ರೆನಲಿನ್ ನರಗಳ ಸಂದೇಶವಾಹಕ ಎಂದು 1946ರಲ್ಲಿ ಗುರುತಿಸಿದ ಉಲ್ಫ್ ಫಾನ್ ಆಯ್ಲರ್ ಮತ್ತು ಬರ್ನಾರ್ಡ್ ಕಾಟ್ಜ್ ಜೊತೆ 1970ರ ನೊಬೆಲ್ ಅವರಿಗೂ ಬಂತು. ಆಟೊಮೊಕ್ಸೆಟಿನ್ ಈ ಒಳಗೆಳೆಯುವ ದಾರಿಯನ್ನು ತಡೆಯುತ್ತದೆ. ಅಘನಾಶಿನಿ ದಂಡೆಯ ಗಜನಿ ಗದ್ದೆ (ಭರತ ಇಳಿತದ ನೀರು ಬಂದುಹೋಗುವ ತಗ್ಗು ಗದ್ದೆ) ಕಂಡವರಿಗೆ ಇದು ಹೊಸದಲ್ಲ. ಹೊಳೆಯ ಇಳಿತದ ಹೊತ್ತಿಗೆ ತೂಬಿನ ಹಲಗೆಯನ್ನು ಅರ್ಧ ಇಳಿಸಿದರೆ ಹೊಸ ನೀರು ಬಿಡದೆಯೇ ಗದ್ದೆಯಲ್ಲಿ ಮಟ್ಟ ನಿಲ್ಲುತ್ತದೆ. ಔಷಧಿ ಹೊಸದಾಗಿ ನಾರ್‌ಅಡ್ರೆನಲಿನ್ ತಂದು ಸುರಿಯುವುದಿಲ್ಲ, ಇದ್ದದ್ದು ಬೇಗ ಹೊರಹೋಗದಂತೆ ನೋಡಿಕೊಳ್ಳುತ್ತದೆ.

ಹಣೆಯ ಹಿಂದಿನ ಮಿದುಳಿನಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿ ಡೋಪಮಿನ್ ಎಂಬ ಇನ್ನೊಂದು ಸಂದೇಶವಾಹಕವನ್ನು ಒಳಗೆಳೆಯುವ ಸ್ವಂತ ದಾರಿ ಬಹಳ ಕಡಿಮೆ. ಅದೂ ನಾರ್‌ಅಡ್ರೆನಲಿನ್‌ನ ತೂಬಿನಲ್ಲೇ ಹೋಗುತ್ತದೆ. ಹಾಗಾಗಿ ಅಲ್ಲಿ ಎರಡರ ಮಟ್ಟವೂ ಏರುತ್ತದೆ. ಚಟ ಹತ್ತಿಸುವ ಭಾಗಗಳಲ್ಲಿ ಡೋಪಮಿನ್‌ಗೆ ತನ್ನದೇ ದಾರಿ ಇರುವುದರಿಂದ ಅಲ್ಲಿ ಏರುವುದಿಲ್ಲ. "ಇದರ ಚಟ ಹತ್ತುತ್ತದಾ?" ಎಂದು ಕೇಳುವ ತಾಯಿಗೆ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು, ಕಾರಣ ಇದೇ.

ಮಟ್ಟ ಏರಿದಷ್ಟೂ ಒಳ್ಳೆಯದು ಎಂದಲ್ಲ. ಹದವಾದ ನಾರ್‌ಅಡ್ರೆನಲಿನ್ ಹಣೆಯ ಹಿಂದೆ ಆಲ್ಫಾ-2ಎ ಎಂಬ ಗ್ರಾಹಕವನ್ನು (ಕೋಶದ ಮೇಲೆ ಸಂದೇಶ ಹಿಡಿಯುವ ಜಾಗ) ಹಿಡಿದು, ಮನಸ್ಸಿನಲ್ಲಿ ಇಟ್ಟುಕೊಂಡ ವಿಷಯ ಜಾರದಂತೆ ನೋಡುತ್ತದೆ. ಮಿತಿ ಮೀರಿದರೆ ಆಲ್ಫಾ-1 ಮತ್ತು ಬೀಟಾ ಗ್ರಾಹಕಗಳು ಎದ್ದು, ಅದೇ ಭಾಗ ಕೈಕೊಡುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಬಾಯಿಪಾಠ ಬರುವುದೂ ಮರೆತುಹೋಗುವುದು ಹೀಗೆಯೇ. ಅದಕ್ಕೇ "ಹುಡುಗನಿಗೆ ಎಡಿಎಚ್‌ಡಿ ಇಲ್ಲ, ಎಸ್ಸೆಸ್ಸೆಲ್ಸಿ ವರ್ಷ, ಬುದ್ಧಿ ಚುರುಕಾಗಲಿ ಅಂತ ಒಂದು ಸ್ಟ್ರಿಪ್ ಕೊಡಿ" ಎಂದರೆ ಕೊಡಬಾರದು, ಕೊಳ್ಳಲೂಬಾರದು. ಮಟ್ಟ ಸರಿ ಇರುವವನಿಗೆ ಇದರಿಂದ ಸಿಗುವುದು ಎದೆ ಬಡಿತ, ವಾಕರಿಕೆ, ಬಾಯಿ ಒಣಗುವುದು ಇಷ್ಟೇ.

ಇನ್ನು ಡೋಸು. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. 70 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಶುರು ಮಾಡುವುದು ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.5 ಮಿಲಿಗ್ರಾಂನಂತೆ. ಕನಿಷ್ಠ 3 ದಿನ ಬಿಟ್ಟು 1.2 ಮಿಲಿಗ್ರಾಂಗೆ ಏರಿಸುವುದು. ಮೇಲ್ಮಿತಿ ಕಿಲೋಗೆ 1.4, ಅಥವಾ ಒಟ್ಟು 100 ಮಿಲಿಗ್ರಾಂ. ಎರಡರಲ್ಲಿ ಯಾವುದು ಕಡಿಮೆಯೋ ಅದು. 28 ಕಿಲೋ ತೂಕದ ಮಗುವಿನ ಲೆಕ್ಕ ಹಾಕಿ ನೋಡಿ. ಶುರುವಿನ ಡೋಸು 14, ಅಂದರೆ 10 ಅಥವಾ 18ರ ಕ್ಯಾಪ್ಸೂಲ್. ತಲುಪಬೇಕಾದದ್ದು 33.6, ಅಂದರೆ 25ರದ್ದೊಂದು 10ರದ್ದೊಂದು ಸೇರಿ 35. ಮೇಲ್ಮಿತಿ 39.2, ಹಾಗಾಗಿ 40ರ ಕ್ಯಾಪ್ಸೂಲ್ ಈ ಮಗುವಿಗೆ ಒಂದು ಕೂದಲೆಳೆ ಹೆಚ್ಚೇ. ಈಗ ಅದೇ ಮಗು ಶುರುವಿನ 10 ಮಿಲಿಗ್ರಾಂನಲ್ಲೇ ನಾಲ್ಕು ತಿಂಗಳು ನಿಂತಿದೆ ಎಂದುಕೊಳ್ಳಿ. ಸಿಗುತ್ತಿರುವುದು ಕಿಲೋಗೆ 0.36. ಬೇಕಾದ ಡೋಸಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ! ಘಟ್ಟದ ಮೇಲಿನ ಹಳ್ಳಿಯಿಂದ ಧಾರವಾಡಕ್ಕೋ ಮಣಿಪಾಲಕ್ಕೋ ಹೋಗಿ ತೋರಿಸಿ ಬಂದವರು ಎರಡನೇ ಭೇಟಿ ಮುಂದೆ ಹಾಕಿ, ಹಳೆಯ ಚೀಟಿಯಲ್ಲೇ 10ರ ಸ್ಟ್ರಿಪ್ ಒಯ್ಯುತ್ತ ಇದ್ದರೆ ಆಗುವುದು ಇದೇ. ಡೋಸು ಏರಿಸುವ ದಿನ ಯಾವುದು, ಎಷ್ಟಕ್ಕೆ ಏರಿಸಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಮಗುವಿನ ತೂಕವನ್ನೂ ಬರೆಸಿ. ವರ್ಷದಲ್ಲಿ ನಾಲ್ಕು ಕಿಲೋ ಏರಿದ ಮಗುವಿಗೆ ಹೋದ ವರ್ಷದ ಡೋಸು ಸಾಲದೇ ಇರಬಹುದು. ಮನೆಯಲ್ಲೇ ಏರಿಸಲು ಹೋಗಬೇಡಿ; ಲೆಕ್ಕ ಕೊಟ್ಟದ್ದು ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲಿಕ್ಕೆ.

70 ಕಿಲೋ ದಾಟಿದವರಿಗೆ ಲೆಕ್ಕ ಸರಳ: 40ರಿಂದ ಶುರು, ಮೂರು ದಿನದ ಮೇಲೆ 80, ಮತ್ತೆ ಎರಡರಿಂದ ನಾಲ್ಕು ವಾರ ನೋಡಿ ಬೇಕಿದ್ದರೆ 100. ಅದರಾಚೆ ಇಲ್ಲ.

ಪೂರ್ತಿ ಡೋಸು ಶುರುವಾದ ದಿನದಿಂದ ನಾಲ್ಕರಿಂದ ಆರು ವಾರ ಕಾಯಬೇಕು. ಪೂರ್ಣ ಗುಣ ಕಾಣಲು ಕೆಲವರಿಗೆ 12 ವಾರವೂ ಬೇಕಾಗುತ್ತದೆ. ಮೊದಲ ವಾರದಲ್ಲೇ ಕಾಣುವುದು ತೊಂದರೆಗಳು ಮಾತ್ರ, ಉಪಯೋಗ ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ಯಾವ ತಾಯಿಯಾದರೂ ನಿಲ್ಲಿಸುತ್ತಾಳೆ, ಅವಳ ತಪ್ಪಲ್ಲ. ಗುಣವನ್ನು ಅಂಕದಲ್ಲಿ ಹುಡುಕಬೇಡಿ. ಬೆಳಿಗ್ಗೆ ಸ್ನಾನ, ಯೂನಿಫಾರ್ಮ್, ಪಾಟಿಚೀಲ ಎನ್ನುವ ಮೂರು ಕೆಲಸಕ್ಕೆ ಎಷ್ಟು ಸಲ ಕೂಗಬೇಕಾಯಿತು, ಕಂಪಾಸು ಬಾಕ್ಸು, ಕೊಡೆ ವಾರಕ್ಕೆ ಎಷ್ಟು ಸಲ ಶಾಲೆಯಲ್ಲೇ ಉಳಿದವು, ಬರೆಯಲು ಕುಳಿತು ಎಷ್ಟು ನಿಮಿಷಕ್ಕೆ ಎದ್ದ ಎಂಬುದನ್ನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕುತ್ತ ಹೋಗಿ. ಆರು ವಾರದ ಗುರುತು ಡಾಕ್ಟರಿಗೆ ತೋರಿಸಿದರೆ "ಸ್ವಲ್ಪ ಪರವಾಗಿಲ್ಲ" ಎಂಬ ಮಾತಿಗಿಂತ ನೂರು ಪಾಲು ಉಪಯೋಗ.

ನುಂಗಿಸುವ ವಿಷಯ. ಕ್ಯಾಪ್ಸೂಲ್ ಒಡೆದು ಪುಡಿಯನ್ನು ಹಾಲಿಗೆ, ಜೇನುತುಪ್ಪಕ್ಕೆ ಕಲಸಬಾರದು. ಪುಡಿ ಕಣ್ಣಿಗೆ ಬಿದ್ದರೆ ಉರಿಸುತ್ತದೆ. ಬಿದ್ದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ, ಪುಡಿ ತಾಗಿದ ಕೈಯನ್ನೂ ತೊಳೆಯಿರಿ. ಆರೇಳು ವರ್ಷದ ಮಗುವಿಗೆ ಇಡೀ ಕ್ಯಾಪ್ಸೂಲ್ ನುಂಗುವುದು ಕಷ್ಟ, ಆದರೆ ಕಲಿಸಬಹುದು. ಗುಳಿಗೆ ನುಂಗುವಾಗ ತಲೆ ಹಿಂದಕ್ಕೆ ಎತ್ತುವ ಅಭ್ಯಾಸವೇ ಇಲ್ಲಿ ತೊಡಕು. ಕ್ಯಾಪ್ಸೂಲ್ ಹಗುರ, ನೀರಿನ ಮೇಲೆ ತೇಲುತ್ತದೆ. ತಲೆ ಹಿಂದೆ ಎತ್ತಿದರೆ ಅದು ಹಲ್ಲಿನ ಕಡೆಗೆ ತೇಲಿ ಬರುತ್ತದೆ, ನೀರು ಮಾತ್ರ ಇಳಿಯುತ್ತದೆ. ನಾಲಿಗೆಯ ಮೇಲೆ ಕ್ಯಾಪ್ಸೂಲ್ ಇಟ್ಟು, ಒಂದು ದೊಡ್ಡ ಗುಟುಕು ನೀರು ಬಾಯಿಯಲ್ಲಿ ಹಿಡಿದು, ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗಲಿ. ಆಗ ಕ್ಯಾಪ್ಸೂಲ್ ತೇಲಿ ಗಂಟಲ ಬಾಗಿಲಿಗೇ ಬರುತ್ತದೆ. ಒಂದು ಚಮಚ ಗಟ್ಟಿ ಮೊಸರಿನಲ್ಲಿ ಇಡೀ ಕ್ಯಾಪ್ಸೂಲ್ ಇಟ್ಟು ನುಂಗಿಸಿದರೂ ಆದೀತು, ಅಗಿಯಬಾರದು ಅಷ್ಟೇ.

ವಾಕರಿಕೆ, ಹೊಟ್ಟೆನೋವು, ಹಸಿವಿಲ್ಲದಿರುವುದು ಮೊದಲ ವಾರಗಳ ಮಾಮೂಲು ದೂರು. ಬರೀ ಹೊಟ್ಟೆಗೂ ತೆಗೆದುಕೊಳ್ಳಬಹುದು ಎಂದು ಕಾಗದದಲ್ಲಿ ಬರೆದಿರುತ್ತದೆ, ನಿಜ. ಆದರೆ ಊಟದ ಜೊತೆ ಕೊಟ್ಟರೆ ವಾಕರಿಕೆ ಕಡಿಮೆ. ಎಣ್ಣೆ ತುಪ್ಪ ಇರುವ ತಿಂಡಿಯ ಜೊತೆ ತೆಗೆದುಕೊಂಡರೆ ದೊಡ್ಡವರಲ್ಲಿ ರಕ್ತದಲ್ಲಿನ ಔಷಧಿಯ ಶಿಖರ 37 ಶೇಕಡಾ ತಗ್ಗುತ್ತದೆ, ಮೂರು ತಾಸು ತಡವಾಗಿ ಬರುತ್ತದೆ. ಒಟ್ಟು ಒಳಸೇರುವ ಪ್ರಮಾಣ ಮಾತ್ರ ಹಾಗೇ ಇರುತ್ತದೆ. ಅಂದರೆ ಉಪಯೋಗಕ್ಕೆ ಕೊರತೆಯಿಲ್ಲ, ಏರಿಳಿತ ಮಾತ್ರ ನಯವಾಗುತ್ತದೆ. ತಿಳಿಗಂಜಿ ಕುಡಿದ ಹೊಟ್ಟೆಗೆ ಕೊಡುವುದಕ್ಕಿಂತ ತೆಳ್ಳೇವು, ಬೆಣ್ಣೆ, ಬೆಲ್ಲ ತಿಂದ ಮೇಲೆ ಕೊಡುವುದು ಮೇಲು. ಅದಕ್ಕೂ ಬಗ್ಗದಿದ್ದರೆ ದಿನದ ಡೋಸನ್ನು ಬೆಳಿಗ್ಗೆ ಮತ್ತು ಸಂಜೆ ಎರಡು ಪಾಲು ಮಾಡಬಹುದೇ ಎಂದು ಡಾಕ್ಟರನ್ನು ಕೇಳಿ. ಹಗಲು ತೂಕಡಿಸುವ ಮಕ್ಕಳಿಗೂ ಈ ಬದಲಾವಣೆ ಸಹಾಯ ಮಾಡುತ್ತದೆ. ತೂಕ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಇಳಿಯಬಹುದು, ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ನೋಡಿ.

ದೊಡ್ಡವರಲ್ಲಿ ದೂರು ಬೇರೆ: ಬಾಯಿ ಒಣಗುವುದು, ಮಲಬದ್ಧತೆ, ಬೆವರು, ಮೂತ್ರ ಹನಿಹನಿಯಾಗಿ ತಡೆದು ಬರುವುದು, ಗಂಡಸರಲ್ಲಿ ಲೈಂಗಿಕ ತೊಂದರೆ. ಕೊನೆಯದನ್ನು ಬಾಯಿಬಿಟ್ಟು ಹೇಳದೆ ಔಷಧಿ ಬಿಡುವವರಿದ್ದಾರೆ. ಡಾಕ್ಟರಿಗೆ ಇದು ಗೊತ್ತಿರುವ ವಿಷಯವೇ, ಹೇಳಿ.

ನಾಡಿ ಸರಾಸರಿ ನಿಮಿಷಕ್ಕೆ ಐದಾರು ಬಡಿತ ಏರುತ್ತದೆ, ಬಿಪಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಕೆಲವರಲ್ಲಿ ಮಾತ್ರ ನಾಡಿ ಇಪ್ಪತ್ತಕ್ಕೂ ಮೇಲೆ ಏರುವುದುಂಟು. ಹಾಗಾಗಿ ಶುರುವಿಗೆ ಮೊದಲು, ಡೋಸು ಏರಿಸಿದಾಗ, ಆಮೇಲೆ ಆಗಾಗ ನಾಡಿ ಬಿಪಿ ಎರಡನ್ನೂ ನೋಡಿಸಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವ ಕೆಲಸ. ಮಳೆಗಾಲದಲ್ಲಿ ಎರಡು ಬಾಟಲಿಗಳ ಮೇಲೆ ಕಣ್ಣಿರಲಿ. ಒಂದು, ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇರುವ ಶೀತದ ಔಷಧಿ, ಅದು ಬಿಪಿಯನ್ನು ಮತ್ತೂ ಏರಿಸಬಹುದು. ಇನ್ನೊಂದು, ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಸಿರಪ್. ಬಾಯಿಯಿಂದ ಕುಡಿಸುವ ಸಾಲ್ಬುಟಮಾಲ್ ಆಟೊಮೊಕ್ಸೆಟಿನ್ ಜೊತೆ ಸೇರಿದರೆ ಎದೆ ಬಡಿತ ಜೋರಾಗಬಹುದು. ಕೆಮ್ಮಿಗೆ ಹೋದಾಗ ಹೊಸ ಡಾಕ್ಟರಿಗೆ ಹಳೆಯ ಚೀಟಿ ತೋರಿಸದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಯಕೃತ್ತಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವ ಈ ಔಷಧಿಯನ್ನು ಕರಗಿಸುತ್ತದೆ. ಅದು ಚುರುಕಾಗಿರುವವರಲ್ಲಿ ಸುಮಾರು 5 ತಾಸಿಗೆ ಔಷಧಿ ಅರ್ಧಕ್ಕಿಳಿಯುತ್ತದೆ. ಹುಟ್ಟಿನಿಂದಲೇ ಅದು ಮಂದವಾಗಿರುವ ಕೆಲವರಲ್ಲಿ ಸುಮಾರು 22 ತಾಸು ಬೇಕು, ರಕ್ತದಲ್ಲಿ ಸೇರುವ ಔಷಧಿ ಹತ್ತು ಪಟ್ಟು. ಸಣ್ಣ ಡೋಸಿಗೇ ಮಗು ವಿಪರೀತ ಒದ್ದಾಡಿದರೆ ಡಾಕ್ಟರು ಇದನ್ನು ಯೋಚಿಸಬೇಕು. ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್ ಗುಳಿಗೆ ತೆಗೆದುಕೊಳ್ಳುವವರಲ್ಲೂ ಕಿಣ್ವ ಹೀಗೇ ಮಂದವಾಗುತ್ತದೆ.

ಕಾಮಾಲೆಯ ವಿಷಯ ನಮ್ಮ ಜಿಲ್ಲೆಗೆ ವಿಶೇಷವಾಗಿ ಹೇಳಬೇಕು. ಬಹಳ ಅಪರೂಪಕ್ಕೆ ಈ ಔಷಧಿ ಯಕೃತ್ತಿಗೆ ಗಂಭೀರ ಪೆಟ್ಟು ಕೊಟ್ಟಿದೆ. ಇಲ್ಲಿ ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಕಾಮಾಲೆ, ಗದ್ದೆ ಕೆಲಸದವರಿಗೆ ಇಲಿಜ್ವರ ಬರುವುದಿದೆ. ಕಣ್ಣು ಹಳದಿ ಕಂಡರೆ ಸೀದಾ ನಾಟಿ ಔಷಧಿಗೆ ಹೋಗಿ ಪಥ್ಯ ಹಿಡಿಯುವ ರೂಢಿಯೂ ಇದೆ. ಆಟೊಮೊಕ್ಸೆಟಿನ್ ತೆಗೆದುಕೊಳ್ಳುವವರು ಹಾಗೆ ಮಾಡಬಾರದು. ಕಣ್ಣಿನ ಬಿಳಿಭಾಗವನ್ನು ಟ್ಯೂಬ್‌ಲೈಟಿನಲ್ಲಲ್ಲ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ. ಹಳದಿ, ಹಾಲು ಹಾಕದ ಚಹಾದ ಬಣ್ಣದ ಮೂತ್ರ, ಮೈ ತುರಿಕೆ, ಬಲ ಪಕ್ಕೆಲುಬಿನ ಕೆಳಗೆ ನೋವು ಇವುಗಳಲ್ಲಿ ಯಾವುದು ಕಂಡರೂ ಕ್ಯಾಪ್ಸೂಲ್ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಪೆಟ್ಟು ಔಷಧಿಯಿಂದಲೇ ಎಂದಾದರೆ ಮುಂದೆ ಯಾವತ್ತೂ ಶುರು ಮಾಡುವಂತಿಲ್ಲ. ನಿಲ್ಲಿಸುವಾಗ ಡೋಸು ಇಳಿಸುತ್ತ ಬರಬೇಕೆಂದಿಲ್ಲ, ಒಮ್ಮೆಲೇ ನಿಲ್ಲಿಸಬಹುದು.

ಮನಸ್ಸಿನ ಮೇಲಿನ ಪರಿಣಾಮ ಇನ್ನೂ ಸೂಕ್ಷ್ಮ. ಮಕ್ಕಳ ಪರೀಕ್ಷಾ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಈ ಔಷಧಿ ತೆಗೆದುಕೊಂಡ 1,357 ಮಕ್ಕಳಲ್ಲಿ 5 ಮಕ್ಕಳಿಗೆ ಸಾಯುವ ಯೋಚನೆ ಬಂದಿತ್ತು, ಇನ್ನೊಂದು ಮಗು ಪ್ರಯತ್ನ ಮಾಡಿತ್ತು. ಔಷಧಿಯಿಲ್ಲದ ಬರಿಗುಳಿಗೆ ತೆಗೆದುಕೊಂಡ 851 ಮಕ್ಕಳಲ್ಲಿ ಯಾರಿಗೂ ಇಲ್ಲ. ಯಾರೂ ಜೀವ ಕಳೆದುಕೊಂಡಿರಲಿಲ್ಲ. ಸಂಖ್ಯೆ ಚಿಕ್ಕದು, ಆದರೆ ಮೊದಲ ಕೆಲವು ತಿಂಗಳು ಮತ್ತು ಡೋಸು ಬದಲಾದ ದಿನಗಳಲ್ಲಿ ಮಗು ಒಮ್ಮೆಲೇ ಸಿಡುಕಾದರೆ, ಮೂಲೆ ಸೇರಿದರೆ, "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ, ಹಟ ಎಂದು ಬಯ್ಯದೆ ಡಾಕ್ಟರಿಗೆ ಫೋನು ಮಾಡಿ. ರಾತ್ರಿ ಹೊತ್ತು ಡಾಕ್ಟರು ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಕಣ್ಣಿನ ಒತ್ತಡದ ಕಾಯಿಲೆಯಲ್ಲಿ (ಗ್ಲಾಕೋಮಾ) ಕೋನ ಕಿರಿದಾಗಿರುವ ಬಗೆ ಇರುವವರು, ಫಿಯೊಕ್ರೊಮೊಸೈಟೋಮಾ ಎಂಬ ಗಡ್ಡೆ ಇರುವವರು, ಗಂಭೀರ ಹೃದ್ರೋಗಿಗಳು ಇದನ್ನು ಮುಟ್ಟಬಾರದು. ಖಿನ್ನತೆ, ಪಾರ್ಕಿನ್‌ಸನ್ ಕಾಯಿಲೆಗಳಿಗೆ ಕೊಡುವ, ಎಂಎಒ ಎಂಬ ಕಿಣ್ವವನ್ನು ತಡೆಯುವ ಗುಳಿಗೆ ಬಿಟ್ಟು 14 ದಿನ ಆಗುವವರೆಗೂ ಬೇಡ.

ಹೋಲಿಕೆಗೆ ಬಂದರೆ, ಗುಣದಲ್ಲಿ ಎಡಿಎಚ್‌ಡಿಯ ಇನ್ನೊಂದು ಔಷಧಿಯಾದ ಮೀಥೈಲ್‌ಫೆನಿಡೇಟ್ ಒಂದು ಕೈ ಮೇಲು ಎಂಬುದನ್ನು ಮುಚ್ಚಿಡಬಾರದು. 2018ರಲ್ಲಿ ಬಂದ ದೊಡ್ಡ ತೌಲನಿಕ ವಿಶ್ಲೇಷಣೆಯಲ್ಲಿ, ಮಕ್ಕಳ ಬಗ್ಗೆ ವೈದ್ಯರು ಕೊಟ್ಟ ಅಂಕದ ಪ್ರಕಾರ, ಮೀಥೈಲ್‌ಫೆನಿಡೇಟ್‌ನ ಪರಿಣಾಮ 0.78, ಆಟೊಮೊಕ್ಸೆಟಿನ್‌ನದು 0.56 (ಸಂಖ್ಯೆ ದೊಡ್ಡದಾದಷ್ಟೂ ಗುಣ ಹೆಚ್ಚು). ಮೀಥೈಲ್‌ಫೆನಿಡೇಟ್ ಕೊಟ್ಟ ದಿನವೇ ಕೆಲಸ ಮಾಡುತ್ತದೆ ಕೂಡ. ಆದರೆ ಅದು ಶೆಡ್ಯೂಲ್ ಎಕ್ಸ್ ಔಷಧಿ: ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಬೀಗ ಹಾಕಿದ ಕಪಾಟು ಬೇಕು, ಪ್ರತ್ಯೇಕ ಲೈಸೆನ್ಸ್ ಬೇಕು. ಸಣ್ಣ ಪೇಟೆಯ ಅಂಗಡಿಗೆ ಇದೆಲ್ಲ ಭಾರ. ಆಟೊಮೊಕ್ಸೆಟಿನ್‌ಗೆ ಡಾಕ್ಟರ ಮಾಮೂಲು ಚೀಟಿ ಸಾಕು. ಅಂಗಡಿಯಲ್ಲಿ ಇಲ್ಲದಿದ್ದರೆ ಎರಡು ದಿನದಲ್ಲಿ ತರಿಸಿಕೊಡಲೂ ಅಡ್ಡಿಯಿಲ್ಲ. ತಿಂಗಳ ಮಧ್ಯೆ ತಪ್ಪಿಹೋಗುವ ಬಲವಾದ ಔಷಧಿಗಿಂತ ತಪ್ಪದೇ ಸಿಗುವ ಸ್ವಲ್ಪ ಸೌಮ್ಯ ಔಷಧಿ ಇಲ್ಲಿಯ ಎಷ್ಟೋ ಮನೆಗಳಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹುಬ್ಬಳ್ಳಿ, ಮಂಗಳೂರಿಗೆ ತಿಂಗಳು ತಿಂಗಳು ಹೋಗಿಬರುವ ಅನುಕೂಲ ಇರುವವರು ಮೊದಲು ಅದನ್ನೇ ಕೇಳಬಹುದು.

ಮನೆಯ ಅಜ್ಜನಿಗೆ ಮರೆವು ಶುರುವಾಗಿದೆ, ಇದನ್ನೇ ಕೊಡಬಹುದಾ ಎಂಬ ಪ್ರಶ್ನೆಯೂ ಬರುತ್ತದೆ. ಪ್ರಶ್ನೆ ಅರ್ಥವಿಲ್ಲದ್ದಲ್ಲ. ಅಲ್‌ಜೈಮರ್ ಕಾಯಿಲೆಯಲ್ಲಿ ಟೌ ಎಂಬ ಪ್ರೋಟೀನು ಮೊದಮೊದಲು ಗಂಟು ಕಟ್ಟುವ ಜಾಗಗಳಲ್ಲಿ ಅದೇ ನೀಲಿ ಜಾಗವೂ ಒಂದು, ಮರೆವು ಕಾಣುವುದಕ್ಕೆ ದಶಕಗಳ ಮೊದಲೇ. ಪಾರ್ಕಿನ್‌ಸನ್ ಕಾಯಿಲೆಯಲ್ಲೂ ಅಲ್ಲಿಯ ಕೋಶಗಳು ಸಾಯುತ್ತವೆ. ಕೈನಡುಕದ ಆಚೆ ಆ ರೋಗಿಗಳಿಗೆ ಕಾಡುವ ಮಂಕು, ಗಮನ ಜಾರುವುದು ಇವುಗಳಲ್ಲಿ ಅದರ ಪಾಲಿದೆ. ಅದಕ್ಕೇ ಸಣ್ಣ ಮಟ್ಟದ ಮರೆವಿದ್ದ 39 ಜನರಿಗೆ ಆರು ತಿಂಗಳು ಆಟೊಮೊಕ್ಸೆಟಿನ್ ಕೊಟ್ಟು ಅಮೆರಿಕದಲ್ಲಿ ಪರೀಕ್ಷಿಸಿದರು. ಬೆನ್ನುಹುರಿ ದ್ರವದಲ್ಲಿ ಟೌ ಕಡಿಮೆಯಾಯಿತು, ಆದರೆ ನೆನಪು ಸುಧಾರಿಸಲಿಲ್ಲ. ಸಂಶೋಧನೆಗೆ ಅದು ಒಳ್ಳೆಯ ಸುದ್ದಿ, ಅಜ್ಜನ ಗುಳಿಗೆ ಡಬ್ಬಿಗೆ ಸೇರಿಸಲು ಇನ್ನೂ ಕಾರಣವಲ್ಲ. ವಯಸ್ಸಾದವರಲ್ಲಿ ಬಿಪಿ, ಪ್ರೋಸ್ಟೇಟ್ ತೊಂದರೆ ಮೊದಲೇ ಇರುತ್ತವೆ, ಈ ಔಷಧಿ ಎರಡನ್ನೂ ಕೆಣಕಬಲ್ಲದು.

ಕೊಳ್ಳುವಾಗ ಚೀಟಿಯ ಹೆಸರನ್ನು ಅಂಗಡಿಯವರ ಎದುರೇ ಅಕ್ಷರ ಅಕ್ಷರ ಓದಿ. ಈ ಔಷಧಿಗೆ ಮೊದಲಿದ್ದ ಹೆಸರು ಟೊಮೊಕ್ಸೆಟಿನ್. ಸ್ತನ ಕ್ಯಾನ್ಸರಿನ ಟಮಾಕ್ಸಿಫೆನ್ ಜೊತೆ ಗೊಂದಲವಾಗುತ್ತದೆ ಎಂದೇ ಬದಲಿಸಿದರು. ಅಮೆರಿಕದಲ್ಲಿ 2002ರಲ್ಲಿ ಮಂಜೂರಾಗುವ ಹೊತ್ತಿಗೆ ಈಗಿನ ಹೆಸರಿತ್ತು. ಕೈಬರಹ ಕೆಟ್ಟಿದ್ದರೆ ಆ ಗೊಂದಲ ಇವತ್ತೂ ಆಗಬಹುದು. ಎರಡು ಶಕ್ತಿಯ ಕ್ಯಾಪ್ಸೂಲ್ ಸೇರಿಸಿ ಕೊಡುವವರು ಸ್ಟ್ರಿಪ್‌ಗಳ ಮೇಲೆ ದಪ್ಪ ಪೆನ್ನಿನಲ್ಲಿ 25, 10 ಎಂದು ಬರೆದಿಡಿ.

ಕರಾವಳಿಯ ಜೂನ್, ಜುಲೈ ತೇವಕ್ಕೆ ಜಿಲಾಟಿನ್ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ವಾರದ ಡಬ್ಬಿಗೆ ಬಿಡಿಸಿ ಹಾಕಿಡಬೇಡಿ, ನುಂಗುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಿರಿ. ಒಲೆಯ ಮೇಲಿನ ಗೂಡು, ಫ್ರಿಜ್ಜಿನ ಮಂಡೆ, ಬಚ್ಚಲ ಕಪಾಟು ಬೇಡ; ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಮಕ್ಕಳ ಕೈಗೆ ಸಿಗದ ಒಳಕೋಣೆಯಲ್ಲಿಡಿ. ಈ ಔಷಧಿಗೆ ರಜೆ ಇಲ್ಲ. ಮಳೆಗೆ ಶಾಲೆ ಬಂದಾದ ದಿನ, ದೀಪಾವಳಿ, ಬೇಸಿಗೆ ರಜೆ ಎಂದು ತಪ್ಪಿಸಿದರೆ ಮಟ್ಟ ಇಳಿಯುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಡಿ, ಆದರೆ 24 ತಾಸಿನಲ್ಲಿ ಒಂದು ದಿನದ ಡೋಸಿಗಿಂತ ಹೆಚ್ಚಾಗಬಾರದು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಮೇ ಕೊನೆಯಲ್ಲಿ ಔಷಧಿ ತರುವಾಗ ಹದಿನೈದು ದಿನಕ್ಕೆ ಹೆಚ್ಚಿಗೆ ಬರೆಸಿಕೊಂಡು ತನ್ನಿ, ಹಳೆಯ ಸ್ಟ್ರಿಪ್ ಮುಗಿದ ಮೇಲೆಯೇ ಹೊಸದನ್ನು ತೆರೆಯಿರಿ.